ಪರಮವೀರ ಚಕ್ರ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ಪಕ್ಕ ಒಬ್ಬ ಸೈನಿಕರ ಪ್ರತಿಮೆ ಇದೆ. ಹಡಗು ನೋಡಲು ಬಂದವರು ಅಲ್ಲೂ ಒಂದು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಹೆಸರು ಓದುವವರು ಕಡಿಮೆ. ಒಮ್ಮೆ ನಾನು ಅಲ್ಲಿದ್ದಾಗ ಎಂಟೊಂಬತ್ತು ವರ್ಷದ ಹುಡುಗನೊಬ್ಬ ಅಕ್ಷರ ಕೂಡಿಸಿ ಹೆಸರು ಓದಿದ. ಆಮೇಲೆ ತಿರುಗಿ ಕೇಳಿದ: ‘ಅಪ್ಪಾ, ಇವರು ಎಷ್ಟು ಜನರನ್ನು ಹೊಡೆದರು?’ ಅಪ್ಪನಿಗೆ ಗೊತ್ತಿರಲಿಲ್ಲ. ಅವರ ಬಸ್ಸಿಗೆ ಹೊತ್ತಾಗಿತ್ತು, ಹೊರಟುಬಿಟ್ಟರು. ಆ ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬಂತು. ಅದಕ್ಕೂ, ಹಾಗೇ ಜನ ಕೇಳುವ ಇನ್ನಷ್ಟು ಪ್ರಶ್ನೆಗಳಿಗೂ ಇಲ್ಲಿ ಉತ್ತರ ಬರೆದಿದ್ದೇನೆ.

ಪರಮವೀರ ಚಕ್ರ ಅಂದರೆ ಏನು?

ಯುದ್ಧದಲ್ಲಿ, ಶತ್ರುವಿನ ಎದುರಿನಲ್ಲಿ ತೋರಿದ ಧೈರ್ಯಕ್ಕೆ ಭಾರತ ಕೊಡುವ ಅತಿ ದೊಡ್ಡ ಪದಕ. ನೆಲ, ನೀರು, ಆಕಾಶ ಎಲ್ಲಿ ಹೋರಾಡಿದ್ದರೂ ಸರಿ. 1950ರ ಜನವರಿ 26ರಂದು, ದೇಶ ಗಣರಾಜ್ಯವಾದ ದಿನವೇ ಇದು ಜಾರಿಗೆ ಬಂತು. ಆದರೆ 1947ರ ಆಗಸ್ಟ್ 15ರಿಂದ ಲೆಕ್ಕ ಹಿಡಿಯಬೇಕು ಅಂತ ತೀರ್ಮಾನವಾಯಿತು. ಕಾಶ್ಮೀರದ ಮೊದಲ ಯುದ್ಧ ಆಗಲೇ ಮುಗಿದಿತ್ತು. ಅಲ್ಲಿ ಹೋರಾಡಿದವರಿಗೆ ಕೊಡಲು ಸ್ವತಂತ್ರ ಭಾರತದ್ದು ಅಂತ ಒಂದು ಪದಕವೇ ಇರಲಿಲ್ಲ. ಅದಕ್ಕೆ ಮೊದಲು ನಮ್ಮ ಸೈನಿಕರಿಗೆ ಸಿಗುತ್ತಿದ್ದ ದೊಡ್ಡ ಗೌರವ ಅಂದರೆ ಬ್ರಿಟಿಷರ ವಿಕ್ಟೋರಿಯಾ ಕ್ರಾಸ್.

ಪರಮವೀರ ಚಕ್ರದ ಕೆಳಗೆ ಮಹಾವೀರ ಚಕ್ರ, ಅದರ ಕೆಳಗೆ ವೀರ ಚಕ್ರ. ಈ ಮೂರೂ ಯುದ್ಧಕಾಲದವು.

ಇದುವರೆಗೆ ಎಷ್ಟು ಜನರಿಗೆ ಸಿಕ್ಕಿದೆ?

21 ಜನರಿಗೆ. ಇಷ್ಟು ವರ್ಷಗಳಲ್ಲಿ, ಇಷ್ಟು ಯುದ್ಧಗಳಲ್ಲಿ, ಬರೀ 21.

1947–48ರ ಕಾಶ್ಮೀರ ಯುದ್ಧದಲ್ಲಿ 5, ಕಾಂಗೋದಲ್ಲಿ 1, 1962ರಲ್ಲಿ 3, 1965ರಲ್ಲಿ 2, 1971ರಲ್ಲಿ 4, 1987ರಲ್ಲಿ ಸಿಯಾಚಿನ್ ಮತ್ತು ಶ್ರೀಲಂಕಾ ಸೇರಿ 2, ಕಾರ್ಗಿಲ್‌ನಲ್ಲಿ 4. ಇವರಲ್ಲಿ 20 ಜನ ಭೂಸೇನೆಯವರು. ಒಬ್ಬರು ಮಾತ್ರ ವಾಯುಪಡೆಯವರು: ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್. 1971ರ ಡಿಸೆಂಬರ್ 14ರಂದು ಶ್ರೀನಗರ ವಿಮಾನ ನಿಲ್ದಾಣದ ಮೇಲೆ ಆರು ಸೇಬರ್ ವಿಮಾನಗಳು ದಾಳಿಗೆ ಬಂದಿದ್ದವು. ಬಾಂಬ್ ಬೀಳುತ್ತಿದ್ದ ರನ್‌ವೇಯಿಂದಲೇ ಅವರು ತಮ್ಮ ಪುಟ್ಟ ನ್ಯಾಟ್ ವಿಮಾನವನ್ನು ಮೇಲೇರಿಸಿದರು. ಅದರಲ್ಲೇ ಹೋರಾಡುತ್ತ ಪ್ರಾಣ ಬಿಟ್ಟರು.

ಕರ್ನಾಟಕದವರಿಗೆ ಯಾರಿಗಾದರೂ ಸಿಕ್ಕಿದೆಯಾ?

ಸಿಕ್ಕಿದೆ. ಕಡಲತೀರದ ಪ್ರತಿಮೆ ಅವರದ್ದೇ. ರಾಮಾ ರಾಘೋಬಾ ರಾಣೆ. ಮನೆತನದ ಊರು ಕಾರವಾರ ತಾಲ್ಲೂಕಿನ ಚೆಂಡಿಯಾ. ಮನೆಮಾತು ಕೊಂಕಣಿ. ತಂದೆ ಪೊಲೀಸ್ ಕಾನ್‌ಸ್ಟೆಬಲ್. ಅಪ್ಪನಿಗೆ ವರ್ಗಾವಣೆ ಆದಾಗಲೆಲ್ಲ ಮಗನ ಶಾಲೆಯೂ ಬದಲಾಗುತ್ತಿತ್ತು. 1940ರಲ್ಲಿ ಸೈನ್ಯ ಸೇರಿದರು, ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಹೋರಾಡಿದರು.

ಅವರು ಸ್ಯಾಪರ್. ಹಲಸೂರು ಕೆರೆಯ ಹತ್ತಿರ ಮದ್ರಾಸ್ ಸ್ಯಾಪರ್ಸ್ ಕೇಂದ್ರ ಇರುವುದರಿಂದ ಬೆಂಗಳೂರಿನವರಿಗೆ ಈ ಪದ ಗೊತ್ತಿರುತ್ತದೆ. ಸೈನ್ಯದ ಇಂಜಿನಿಯರ್ ಪಡೆ ಅದು. ದಾರಿ ಮಾಡುವುದು, ಸೇತುವೆ ಕಟ್ಟುವುದು, ನೆಲಬಾಂಬ್ ತೆಗೆಯುವುದು ಅವರ ಕೆಲಸ. ರಾಣೆ ಇದ್ದದ್ದು ಬಾಂಬೆ ಸ್ಯಾಪರ್ಸ್‌ನಲ್ಲಿ.

1948ರ ಏಪ್ರಿಲ್, ಕಾಶ್ಮೀರದ ಮೊದಲ ಯುದ್ಧ. ನಮ್ಮ ಸೈನ್ಯ ನೌಶೇರಾದಿಂದ ರಜೌರಿಗೆ ಹೋಗಬೇಕು. ರಜೌರಿಯಲ್ಲಿ ಜನ ಸಂಕಟದಲ್ಲಿದ್ದಾರೆ, ಒಂದೊಂದು ದಿನವೂ ಮುಖ್ಯ. ಗುಡ್ಡ ಸುತ್ತಿಕೊಂಡು ಹೋಗುವ ಒಂದೇ ರಸ್ತೆ. ಅದರ ಮೇಲೆ ಶತ್ರುಗಳು ಪೈನ್ ಮರಗಳನ್ನು ಕಡಿದು ಅಡ್ಡ ಹಾಕಿದ್ದರು. ಮೋರಿಗಳನ್ನು ಸ್ಫೋಟಿಸಿದ್ದರು. ಸುತ್ತ ನೆಲಬಾಂಬ್ ಹುಗಿದು, ಮೇಲಿನ ಗುಡ್ಡದಲ್ಲಿ ಮೆಷಿನ್ ಗನ್ ಇಟ್ಟುಕೊಂಡು ಕೂತಿದ್ದರು. ಟ್ಯಾಂಕ್ ಮುಂದೆ ಹೋಗುವ ಹಾಗಿಲ್ಲ, ಟ್ಯಾಂಕ್ ಇಲ್ಲದೆ ಸೈನ್ಯ ಹೋಗುವ ಹಾಗಿಲ್ಲ.

ಏಪ್ರಿಲ್ 8ರಂದು ಕೆಲಸ ಶುರುವಾಗುವ ಮುಂಚೆಯೇ ಮಾರ್ಟರ್ ಗುಂಡು ಬಿತ್ತು. ರಾಣೆಯವರ ತಂಡದಲ್ಲಿ ಇಬ್ಬರು ಸತ್ತರು, ಐವರಿಗೆ ಗಾಯವಾಯಿತು. ಆ ಐವರಲ್ಲಿ ರಾಣೆ ಒಬ್ಬರು. ಉಳಿದವರನ್ನು ಒಟ್ಟುಮಾಡಿ ಅವರು ಕೆಲಸಕ್ಕೆ ಇಳಿದರು. ಸಂಜೆ ಗುಡ್ಡ ನಮ್ಮ ಕೈಗೆ ಬಂದ ಮೇಲೆ ಟ್ಯಾಂಕುಗಳಿಗೆ ಬಳಸುದಾರಿ ಕಡಿಯಲು ಆರಂಭಿಸಿದರು. ಶತ್ರುವಿಗೆ ಕಾಣುವ ಜಾಗದಲ್ಲೇ ರಾತ್ರಿ 10ರವರೆಗೆ ಕೆಲಸ ನಡೆಯಿತು. ಮರುದಿನ ಬೆಳಿಗ್ಗೆ 6ಕ್ಕೆ ಮತ್ತೆ ಶುರು. ಮಧ್ಯಾಹ್ನ 3ಕ್ಕೆ ಬಳಸುದಾರಿ ಸಿದ್ಧ. ಎಲ್ಲಕ್ಕಿಂತ ಮುಂದಿನ ವಾಹನದಲ್ಲಿ ತಾವೇ ಹತ್ತಿಕೊಂಡರು. ಅರ್ಧ ಮೈಲಿಗೆ ಮರ ಅಡ್ಡ ಬಂತು. ಇಳಿದು ಸಿಡಿಮದ್ದು ಇಟ್ಟು ಹಾರಿಸಿದರು. ಇನ್ನೊಂದು 300 ಗಜ, ಮತ್ತೆ ಮರ. ಆಮೇಲೆ ಒಡೆದ ಮೋರಿ. ಕತ್ತಲಾಗುವ ಹೊತ್ತಿಗೆ ಐದು ದೊಡ್ಡ ಮರ, ಸುತ್ತ ನೆಲಬಾಂಬ್, ಮೇಲಿನಿಂದ ಗುಂಡು.

10ನೇ ತಾರೀಕು ಬೆಳಗಿನ ಜಾವ ಪೌಣೇ ಐದಕ್ಕೆ ಮತ್ತೆ ಇಳಿದರು. ಆರೂವರೆಗೆ ಆ ಅಡ್ಡಿ ತೆರವಾಯಿತು. ಟ್ಯಾಂಕುಗಳು ಮಧ್ಯಾಹ್ನ ರಜೌರಿ ದಾರಿಯ ನಡುವಿನ ಚಿಂಗಸ್ ತಲುಪಿದವು. ಇಲ್ಲಿಗೆ ಸಾಕು ಅನ್ನಬಹುದಿತ್ತು. ಅನ್ನಲಿಲ್ಲ. ಹಿಂದಿನಿಂದ ಅನ್ನ, ಔಷಧಿ, ಮದ್ದುಗುಂಡು ತರುವ ಲಾರಿಗಳಿಗೂ ದಾರಿ ಬೇಕಲ್ಲವೇ? ಊಟ, ನಿದ್ದೆ ಇಲ್ಲದೆ ರಾತ್ರಿ 9ರವರೆಗೆ ಕೆಲಸ ಮಾಡಿದರು. 11ರಂದು ಬೆಳಿಗ್ಗೆ 6ಕ್ಕೆ ಪುನಃ ಎದ್ದು, 11 ಗಂಟೆಗೆ ಚಿಂಗಸ್‌ವರೆಗಿನ ರಸ್ತೆ ತೆರೆದರು. ಆ ರಾತ್ರಿಯೂ 10ರವರೆಗೆ ಮುಂದಿನ ದಾರಿ ಬಿಡಿಸಿದರು. 12ರಂದು ನಮ್ಮ ಸೈನ್ಯ ರಜೌರಿ ಮುಟ್ಟಿತು.

ಈ ನಾಲ್ಕು ದಿನದ ಒಂದು ಚಿತ್ರ ಸೈನ್ಯದವರ ಬಾಯಲ್ಲಿ ಇಂದಿಗೂ ಇದೆ. ಗುಂಡಿನ ಮಳೆಯಲ್ಲಿ ಬೇರೆ ಮರೆ ಇರಲಿಲ್ಲ. ರಾಣೆ ಟ್ಯಾಂಕಿನ ಅಡಿಯಲ್ಲೇ ನುಸುಳಿದರು. ಅದು ತೆವಳಿದ ಹಾಗೆ ಇವರೂ ತೆವಳಿದರು. ಒಳಗಿನ ಚಾಲಕನಿಗೆ ಹಗ್ಗ ಎಳೆದು ‘ನಿಲ್ಲಿಸು’, ‘ಮುಂದೆ ಬಾ’ ಅಂತ ಸನ್ನೆ ಕೊಟ್ಟರು.

ರಾಣೆ ಬದುಕಿ ಬಂದರು. ಮೇಜರ್ ಆಗಿ 1968ರಲ್ಲಿ ನಿವೃತ್ತರಾದರು. 1994ರಲ್ಲಿ ಪುಣೆಯಲ್ಲಿ ತೀರಿಕೊಂಡರು.

ಎಷ್ಟು ಶತ್ರುಗಳನ್ನು ಕೊಂದರೆ ಈ ಪದಕ ಸಿಗುತ್ತದೆ?

ಅಂಥ ಲೆಕ್ಕವೇ ಇಲ್ಲ. ಮೇಲಿನ ಕಥೆಯನ್ನು ಇನ್ನೊಮ್ಮೆ ಓದಿ. ಅದರಲ್ಲಿ ರಾಣೆ ಒಬ್ಬನನ್ನೂ ಕೊಂದ ಸುದ್ದಿ ಇಲ್ಲ. ಮರ ತೆಗೆದರು, ಬಾಂಬ್ ತೆಗೆದರು, ಮಣ್ಣು ಹಾಕಿದರು. ಆ ಹುಡುಗನಿಗೆ ನಾನು ಹೇಳಬೇಕಿದ್ದದ್ದು ಇಷ್ಟೇ: ಇವರು ಹೊಡೆದದ್ದಕ್ಕಲ್ಲ ಪುಟ್ಟಾ, ದಾರಿ ಮಾಡಿಕೊಟ್ಟಿದ್ದಕ್ಕೆ.

ನಿಯಮದಲ್ಲಿ ಇರುವುದು ಧೈರ್ಯ, ಸಾಹಸ, ಆತ್ಮತ್ಯಾಗ ಎಂಬ ಮಾತುಗಳು. ನಾನು ಓದಿದ ಮಟ್ಟಿಗೆ, ಆ 21 ಕಥೆಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಬರುತ್ತದೆ. ‘ಇನ್ನು ಹಿಂದೆ ಸರಿದರೂ ಯಾರೂ ತಪ್ಪು ಅನ್ನುವುದಿಲ್ಲ’ ಎಂಬ ಗಳಿಗೆ ಅದು. ಅಲ್ಲಿ ಆ ಮನುಷ್ಯ ಸರಿಯುವುದಿಲ್ಲ.

ಮೊದಲ ಪರಮವೀರ ಚಕ್ರ ಮೇಜರ್ ಸೋಮನಾಥ ಶರ್ಮಾ ಅವರದ್ದು. ಹಾಕಿ ಆಡುವಾಗ ಎಡಗೈ ಮುರಿದು ಪ್ಲಾಸ್ಟರ್ ಹಾಕಿದ್ದರು. ಯುದ್ಧಕ್ಕೆ ಹೋಗದಿರಲು ಅಷ್ಟು ಸಾಕಿತ್ತು. ಹಟ ಹಿಡಿದು ಹೋದರು. 1947ರ ನವೆಂಬರ್ 3ರಂದು ಬಡ್ಗಾಂನಲ್ಲಿ ಅವರ ಕಂಪನಿಯನ್ನು ನೂರಾರು ದಾಳಿಕೋರರು ಮುತ್ತಿದರು. ಹಿಂದೆ ಶ್ರೀನಗರದ ವಿಮಾನ ನಿಲ್ದಾಣ. ಅದು ಹೋದರೆ ಕಣಿವೆಗೆ ಸೈನ್ಯ ಬಂದಿಳಿಯುವ ದಾರಿಯೇ ಮುಚ್ಚುತ್ತದೆ. ಜನ ಕಡಿಮೆಯಾದಾಗ ಶರ್ಮಾ ಪ್ಲಾಸ್ಟರ್ ಕೈಯಲ್ಲೇ ಮ್ಯಾಗಜೀನುಗಳಿಗೆ ಗುಂಡು ತುಂಬಿ ಸೈನಿಕರಿಗೆ ಕೊಡುತ್ತಿದ್ದರು. ಶತ್ರು 50 ಗಜ ದೂರದಲ್ಲಿದ್ದಾನೆ, ಒಂದು ಇಂಚೂ ಹಿಂದೆ ಸರಿಯುವುದಿಲ್ಲ ಅಂತ ರೇಡಿಯೊದಲ್ಲಿ ತಿಳಿಸಿದರು. ಸ್ವಲ್ಪ ಹೊತ್ತಿಗೆ ಮಾರ್ಟರ್ ಗುಂಡು ಹತ್ತಿರದ ಮದ್ದುಗುಂಡಿನ ರಾಶಿಯ ಮೇಲೆ ಬಿತ್ತು. ಶರ್ಮಾ ಉಳಿಯಲಿಲ್ಲ. ವಿಮಾನ ನಿಲ್ದಾಣ ಉಳಿಯಿತು.

1962ರ ನವೆಂಬರ್ 18, ಲಡಾಖ್‌ನ ರೆಜಾಂಗ್ ಲಾ. ಎದುರಿಗೆ ಚೀನಾ ಸೈನ್ಯ. ಮೇಜರ್ ಶೈತಾನ್ ಸಿಂಗ್ ಮತ್ತು 13 ಕುಮಾವ್ ಬೆಟಾಲಿಯನ್ನಿನ ಸುಮಾರು 120 ಜನ. ನೂರಕ್ಕೂ ಜಾಸ್ತಿ ಜನ ಅಲ್ಲೇ ಸತ್ತರು. ಗಾಯಗೊಂಡ ಮೇಜರ್, ನನ್ನನ್ನು ಇಲ್ಲೇ ಬಿಟ್ಟು ಹೋಗಿ ಅಂತ ತಮ್ಮವರಿಗೆ ಅಪ್ಪಣೆ ಮಾಡಿದರು. ತಿಂಗಳುಗಳ ಮೇಲೆ ಹಿಮದಲ್ಲಿ ದೇಹಗಳು ಸಿಕ್ಕವು. ಬಂದೂಕು ಕೈಯಲ್ಲೇ ಇತ್ತು. ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದ ನರ್ಸಿಂಗ್ ಸಹಾಯಕನ ಕೈಯಲ್ಲಿ ಸಿರಿಂಜ್ ಇತ್ತು.

ಸೈನಿಕ ತಾನೇ ಅರ್ಜಿ ಹಾಕಬಹುದಾ?

ಇಲ್ಲ. ನನಗೆ ಕೊಡಿ ಅಂತ ಕೇಳುವ ದಾರಿಯೇ ಇಲ್ಲ.

ಹಾಗಾದರೆ ಯಾರು ತೀರ್ಮಾನ ಮಾಡುತ್ತಾರೆ?

ಶುರುವಾಗುವುದು ಸೈನಿಕನ ಸ್ವಂತ ಬೆಟಾಲಿಯನ್ನಿನಿಂದ. ಕಮಾಂಡಿಂಗ್ ಆಫೀಸರ್, ಅಂದರೆ ಸೈನ್ಯದವರು ಸಿ.ಒ. ಅನ್ನುವವರು, ಶಿಫಾರಸು ಬರೆಯುತ್ತಾರೆ. ಯಾವ ದಿನ, ಯಾವ ಜಾಗ, ಎಷ್ಟು ಗಂಟೆಗೆ ಏನಾಯಿತು, ಕಣ್ಣಾರೆ ಕಂಡವರು ಏನು ಹೇಳಿದರು, ಎಲ್ಲವೂ ಅದರಲ್ಲಿ ಬರಬೇಕು. ಈ ಬರಹದ ಸಾರವೇ ಮುಂದೆ ಸೈಟೇಷನ್ ಆಗುತ್ತದೆ. ಪದಕ ಕೊಡುವಾಗ ಓದುವುದು ಅದನ್ನೇ.

ಬೆಟಾಲಿಯನ್ನಿನಿಂದ ಬ್ರಿಗೇಡ್, ಡಿವಿಷನ್, ಕೋರ್, ಕಮಾಂಡ್, ಆಮೇಲೆ ದೆಹಲಿಯ ಸೇನಾ ಮುಖ್ಯಾಲಯ. ಒಂದೊಂದು ಹಂತದಲ್ಲೂ ಹಿರಿಯರು ಓದಿ ಅಭಿಪ್ರಾಯ ಬರೆಯುತ್ತಾರೆ. ಅಲ್ಲಿಂದ ರಕ್ಷಣಾ ಸಚಿವಾಲಯದ ಸಮಿತಿ. ಕೊನೆಗೆ ರಾಷ್ಟ್ರಪತಿಗಳ ಒಪ್ಪಿಗೆ, ಗೆಜೆಟ್‌ನಲ್ಲಿ ಪ್ರಕಟಣೆ. ಸಾಮಾನ್ಯವಾಗಿ ಜನವರಿ 26 ಮತ್ತು ಆಗಸ್ಟ್ 15ರ ಹೊತ್ತಿಗೆ ಹೆಸರುಗಳು ಹೊರಬರುತ್ತವೆ. ಯುದ್ಧ ನಡೆಯುತ್ತಿದ್ದರೆ ಬೇಗ ಆಗುವುದೂ ಉಂಟು. 1965ರ ಸೆಪ್ಟೆಂಬರ್ 10ರಂದು ಖೇಮ್‌ಕರಣ್‌ನಲ್ಲಿ ಮಡಿದ ಅಬ್ದುಲ್ ಹಮೀದ್ ಅವರ ಹೆಸರು ಒಂದು ವಾರದೊಳಗೆ ಘೋಷಣೆಯಾಯಿತು.

ನಮ್ಮ ಊರುಗಳ ವೀರಗಲ್ಲು ನೋಡಿದಾಗ ನನಗೆ ಈ ಸೈಟೇಷನ್ ನೆನಪಾಗುತ್ತದೆ. ಯಾರು ರಾಜ, ಯಾವ ಊರು, ಯಾರ ದನ ಹೊಡೆದುಕೊಂಡು ಹೋದರು, ತಡೆಯಲು ಹೋಗಿ ಬಿದ್ದವನು ಯಾರು, ಎಲ್ಲ ಕಲ್ಲಿನ ಮೇಲೆ ಇರುತ್ತದೆ. ಕಂಡದ್ದನ್ನು ಕಂಡ ಹಾಗೆ ಬರೆದಿಡುವ ಈ ಕೆಲಸ ಕನ್ನಡ ನೆಲಕ್ಕೆ ಹೊಸದಲ್ಲ.

ಸೈನಿಕ ಮಾಡಿದ್ದನ್ನು ಯಾರೂ ನೋಡದೇ ಇದ್ದರೆ?

ನನ್ನನ್ನು ಬಹಳ ಕಾಡುವ ಪ್ರಶ್ನೆ ಇದು. ನೇರ ಉತ್ತರ: ಪದಕ ಸಿಗುವುದು ಕಷ್ಟ. ಪೂರ್ತಿ ತಂಡವೇ ಸತ್ತುಹೋದ ಕಡೆ ಏನೇನು ನಡೆದಿರಬಹುದು ಅಂತ ಯೋಚಿಸಿ. ಹೇಳಲು ಯಾರೂ ಇಲ್ಲ.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರ ಕಥೆ ಇದಕ್ಕೆ ಸಾಕ್ಷಿ. 1965ರ ಸೆಪ್ಟೆಂಬರ್ 7ರ ಬೆಳಿಗ್ಗೆ ವಾಯುಪಡೆಯ 1ನೇ ಸ್ಕ್ವಾಡ್ರನ್ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟಿತು. ದೇವಯ್ಯ ಆ ದಿನ ಕಾಯ್ದಿಟ್ಟ ಪೈಲಟ್. ಬೇರೆ ಯಾರಿಗಾದರೂ ತೊಂದರೆಯಾದರೆ ಮಾತ್ರ ಹೋಗಬೇಕಿತ್ತು. ಒಂದು ಜಾಗ ಖಾಲಿಯಾಯಿತು, ಹೋದರು. ವಾಪಸ್ ಬರಲಿಲ್ಲ. ಏನಾಯಿತು ಅಂತ ನಮ್ಮ ಕಡೆ ಯಾರಿಗೂ ತಿಳಿಯಲಿಲ್ಲ. ಕಾಣೆಯಾದವರ ಪಟ್ಟಿಯಲ್ಲಿ ಹೆಸರು ಸೇರಿತು.

ವರ್ಷಗಳ ಮೇಲೆ ಬ್ರಿಟಿಷ್ ಲೇಖಕರೊಬ್ಬರು ಆ ಯುದ್ಧದ ಬಗ್ಗೆ ಪಾಕಿಸ್ತಾನದ ಕಡೆಯಿಂದ ವಿವರ ಸಂಗ್ರಹಿಸಿ ಪುಸ್ತಕ ಬರೆದರು. ಅದರಿಂದ ವಿಷಯ ಹೊರಬಂತು. ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದು ದೇವಯ್ಯ ಅವರ ವಿಮಾನಕ್ಕೆ ಗುಂಡು ಹೊಡೆದಿತ್ತು. ಇವರದ್ದು ಹಳೆಯ ಮಿಸ್ಟೇರ್. ಅದು ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹಾರುವ ಹೊಸ ವಿಮಾನ. ಏಟು ತಿಂದ ಮೇಲೂ ದೇವಯ್ಯ ತಿರುಗಿ ನಿಂತರು, ಎದುರಿಸಿದರು, ಆ ಸ್ಟಾರ್‌ಫೈಟರನ್ನು ಬೀಳಿಸಿದರು. ಅದರ ಪೈಲಟ್ ಹಾರಿಕೊಂಡು ಬದುಕಿದ. ದೇವಯ್ಯ ಬದುಕಲಿಲ್ಲ.

1988ರಲ್ಲಿ, ಅಂದರೆ 23 ವರ್ಷ ಆದ ಮೇಲೆ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು. ಪತ್ನಿ ಅದನ್ನು ಸ್ವೀಕರಿಸಿದರು. ಮಡಿಕೇರಿಯಲ್ಲಿ ಈಗ ದೇವಯ್ಯ ಅವರ ಪ್ರತಿಮೆ ಇದೆ. ಆ 23 ವರ್ಷ ಮನೆಯವರು ಹೇಗೆ ಕಳೆದಿರಬಹುದು ಅಂತ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಶತ್ರುಗಳೇ ನಮ್ಮ ಸೈನಿಕನನ್ನು ಹೊಗಳಿದರೆ ಅದಕ್ಕೆ ಬೆಲೆ ಇದೆಯಾ?

ಇದೆ. ಎರಡೂ ಕಡೆ ನಡೆದಿದೆ. ಕಾರ್ಗಿಲ್‌ನ ಟೈಗರ್ ಹಿಲ್‌ನಲ್ಲಿ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ ಕೊನೆತನಕ ಹೋರಾಡಿ ಸತ್ತರು. ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ, ಈತ ಬಹಳ ಧೈರ್ಯದಿಂದ ಹೋರಾಡಿದ್ದಾನೆ ಅಂತ ಚೀಟಿ ಬರೆದು ದೇಹದ ಜೇಬಿನಲ್ಲಿ ಇರಿಸಿ ಕಳಿಸಿದರು. ಆ ಕ್ಯಾಪ್ಟನ್‌ಗೆ ಪಾಕಿಸ್ತಾನದ ಅತಿ ದೊಡ್ಡ ಪದಕ ನಿಶಾನ್-ಎ-ಹೈದರ್ ಸಿಕ್ಕಿತು. ಕರ್ನಲ್ ಅನ್ನುವುದು ಅವರ ಹುದ್ದೆ ಅಲ್ಲ, ಹೆಸರೇ ಹಾಗೆ.

1962ರಲ್ಲಿ ಸುಬೇದಾರ್ ಜೋಗಿಂದರ್ ಸಿಂಗ್ ಗಾಯಗೊಂಡು ಚೀನೀಯರ ಕೈಗೆ ಸಿಕ್ಕಿ, ಸೆರೆಯಲ್ಲೇ ತೀರಿಕೊಂಡರು. ಅವರಿಗೆ ಪರಮವೀರ ಚಕ್ರ ಬಂದಿದೆ ಅಂತ ತಿಳಿದ ಮೇಲೆ ಚೀನಾ ಸೈನ್ಯ ಅವರ ಚಿತಾಭಸ್ಮವನ್ನು ಸೇನಾ ಗೌರವದೊಂದಿಗೆ 1963ರ ಮೇ ತಿಂಗಳಲ್ಲಿ ಒಪ್ಪಿಸಿತು.

ಇನ್ನೊಂದು ಹೇಳಲೇಬೇಕು. ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ 21ನೇ ವಯಸ್ಸಿನಲ್ಲಿ, 1971ರ ಡಿಸೆಂಬರ್ 16ರಂದು ಬಸಂತರ್ ಯುದ್ಧದಲ್ಲಿ ಸತ್ತರು. ಅವರ ಟ್ಯಾಂಕಿಗೆ ಬೆಂಕಿ ಹತ್ತಿತ್ತು, ಬಿಟ್ಟು ಬಾ ಅಂತ ಮೇಲಿನವರು ಹೇಳಿದರು. ತೋಪು ಇನ್ನೂ ಕೆಲಸ ಮಾಡುತ್ತಿದೆ ಅಂತ ಉತ್ತರ ಕೊಟ್ಟು ಅಲ್ಲೇ ಉಳಿದರು. 30 ವರ್ಷದ ನಂತರ ಅವರ ತಂದೆ, ನಿವೃತ್ತ ಬ್ರಿಗೇಡಿಯರ್, ತಾವು ಹುಟ್ಟಿದ ಊರು ನೋಡಲು ಪಾಕಿಸ್ತಾನಕ್ಕೆ ಹೋದರು. ಅಲ್ಲಿ ಅವರನ್ನು ಮನೆಯಲ್ಲಿ ಇಟ್ಟುಕೊಂಡು ಉಪಚರಿಸಿದವರೂ ನಿವೃತ್ತ ಬ್ರಿಗೇಡಿಯರ್, ಹೆಸರು ಖ್ವಾಜಾ ಮೊಹಮ್ಮದ್ ನಾಸೆರ್. ಅವರೇ ಬಾಯಿಬಿಟ್ಟು ಹೇಳಿದರು: ನಿಮ್ಮ ಮಗ ಸತ್ತದ್ದು ನನ್ನ ಕೈಯಿಂದ. ಆ ಹುಡುಗನ ಧೈರ್ಯವನ್ನೂ ಅವರೇ ಬಣ್ಣಿಸಿದರು.

ಸತ್ತವರಿಗೆ ಮಾತ್ರ ಕೊಡುತ್ತಾರಾ?

ಇಲ್ಲ. 21ರಲ್ಲಿ 14 ಮರಣೋತ್ತರ. ಏಳು ಜನ ಬದುಕಿರುವಾಗಲೇ ಪಡೆದರು. ಆ ಏಳರಲ್ಲಿ ಇಬ್ಬರನ್ನು ಸತ್ತರು ಅಂತಲೇ ತಿಳಿದಿದ್ದರು.

ಮೇಜರ್ ಧನ್ ಸಿಂಗ್ ಥಾಪಾ 1962ರ ಅಕ್ಟೋಬರ್‌ನಲ್ಲಿ ಪಾಂಗಾಂಗ್ ಸರೋವರದ ಹತ್ತಿರದ ಸಿರಿಜಾಪ್ ಠಾಣೆಯಲ್ಲಿದ್ದರು. ಠಾಣೆ ಬಿತ್ತು, ಎಲ್ಲರೂ ಸತ್ತರು ಅಂದುಕೊಂಡರು. ಮರಣೋತ್ತರ ಅಂತಲೇ ಘೋಷಣೆ ಆಯಿತು. ಅವರು ಚೀನಾದಲ್ಲಿ ಸೆರೆಯಲ್ಲಿದ್ದರು. 1963ರಲ್ಲಿ ಮನೆಗೆ ಬಂದರು.

ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್ ಅವರದ್ದೂ ಹಾಗೇ. 1999ರ ಜುಲೈ 4ರಂದು ಟೈಗರ್ ಹಿಲ್ ಏರುವಾಗ ಅವರಿಗೆ 19 ವರ್ಷ. ಕಡಿದಾದ ಹಿಮದ ಬಂಡೆ ಹತ್ತಿ, ಹಿಂದೆ ಬರುವವರಿಗೆ ಹಗ್ಗ ಕಟ್ಟಬೇಕಿತ್ತು. ಮೈಗೆಲ್ಲ ಗುಂಡು ತಾಗಿದರೂ ಹತ್ತಿದರು, ಶತ್ರುಗಳ ಬಂಕರ್ ಮೌನ ಮಾಡಿಸಿದರು. ಮರಣೋತ್ತರ ಪರಮವೀರ ಚಕ್ರ ಅಂತ ಸುದ್ದಿ ಬಂತು. ಅವರು ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದರು. ಅದೇ ಬೆಟಾಲಿಯನ್ನಿನಲ್ಲಿ ಅದೇ ಹೆಸರಿನ ಇನ್ನೊಬ್ಬ ಸೈನಿಕ ಮಡಿದಿದ್ದರಿಂದ ಗೊಂದಲವಾಗಿತ್ತು. ಒಂದು ಮನೆಯಲ್ಲಿ ಹೋದ ಜೀವ ಬಂದಂತಾಯಿತು. ಇನ್ನೊಂದು ಮನೆಗೂ ಅದೇ ಹೆಸರು, ಆ ಮಗ ಬರಲಿಲ್ಲ.

ದೊಡ್ಡ ಅಧಿಕಾರಿಗಳಿಗೇ ಜಾಸ್ತಿ ಸಿಗುತ್ತದಾ?

21ರಲ್ಲಿ 12 ಜನ ಆಫೀಸರುಗಳು. ಅವರಲ್ಲೂ ಹೆಚ್ಚಿನವರು ಲೆಫ್ಟಿನೆಂಟ್, ಕ್ಯಾಪ್ಟನ್, ಮೇಜರ್ ಮಟ್ಟದವರು, ಅಂದರೆ ಸೈನಿಕರ ಜೊತೆ ಮುಂದೆ ನಿಲ್ಲುವವರು. ಉಳಿದ 9 ಜನ ಸಿಪಾಯಿ, ನಾಯಕ್, ಹವಿಲ್ದಾರ್, ಸುಬೇದಾರ್ ಹಂತದವರು. ಅಬ್ದುಲ್ ಹಮೀದ್ ಗಾಜಿಪುರ ಜಿಲ್ಲೆಯ ಧಾಮುಪುರದ ದರ್ಜಿಯ ಮಗ. ಜೀಪಿನ ಮೇಲೆ ಕೂರಿಸಿದ ತೋಪನ್ನು ಹೊಲದ ಬೆಳೆಯ ಮರೆಯಲ್ಲಿ ನಿಲ್ಲಿಸಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಒಂದೊಂದಾಗಿ ಒಡೆದರು. ನಿಯಮದ ಪ್ರಕಾರ ಹುದ್ದೆ ಲೆಕ್ಕಕ್ಕೆ ಬರುವುದಿಲ್ಲ.

ಅಶೋಕ ಚಕ್ರಕ್ಕೂ ಇದಕ್ಕೂ ಏನು ವ್ಯತ್ಯಾಸ?

ಶತ್ರು ಸೈನ್ಯದ ಎದುರು ನಡೆದ ಯುದ್ಧಕ್ಕೆ ಪರಮವೀರ ಚಕ್ರ. ಅದರ ಹೊರಗಿನ ಧೈರ್ಯಕ್ಕೆ, ಉದಾಹರಣೆಗೆ ಭಯೋತ್ಪಾದಕರ ಜೊತೆಗಿನ ಕಾದಾಟಕ್ಕೆ, ಅಶೋಕ ಚಕ್ರ. ಅದರ ಕೆಳಗೆ ಕೀರ್ತಿ ಚಕ್ರ, ಶೌರ್ಯ ಚಕ್ರ. ನಾಗರಿಕರಿಗೂ ಇವು ಸಿಗುತ್ತವೆ.

ಬೆಂಗಳೂರಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿಗೆ ಸಿಕ್ಕಿದ್ದು ಅಶೋಕ ಚಕ್ರ. 2008ರ ನವೆಂಬರ್‌ನಲ್ಲಿ ಮುಂಬೈನ ತಾಜ್ ಹೋಟೆಲಿನಲ್ಲಿ, ಗಾಯಗೊಂಡ ತಮ್ಮ ಕಮಾಂಡೊವನ್ನು ಹೊರಗೆ ಸಾಗಿಸಿ, ತಾವು ಒಬ್ಬರೇ ಭಯೋತ್ಪಾದಕರ ಬೆನ್ನು ಹತ್ತಿದರು. ಪರಮವೀರ ಚಕ್ರ ಯಾಕೆ ಕೊಡಲಿಲ್ಲ ಅಂತ ಈಗಲೂ ಕೇಳುತ್ತಾರೆ. ಅದು ಯುದ್ಧ ಅಲ್ಲ, ಆದ್ದರಿಂದ ಅಶೋಕ ಚಕ್ರ. ಆ ಬಗೆಯಲ್ಲಿ ಅದಕ್ಕಿಂತ ದೊಡ್ಡದು ಇಲ್ಲ.

ಹನುಮಂತಪ್ಪ ಕೊಪ್ಪದ ಅವರಿಗೆ ಯಾಕೆ ದೊಡ್ಡ ಪದಕ ಸಿಗಲಿಲ್ಲ?

ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಅವರನ್ನು ಯಾವ ಕನ್ನಡಿಗ ಮರೆಯುತ್ತಾನೆ? 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. ಆರು ದಿನದ ಮೇಲೆ ಇವರೊಬ್ಬರು ಉಸಿರಾಡುತ್ತಿದ್ದರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಮರಣೋತ್ತರವಾಗಿ ಸೇನಾ ಪದಕ ಕೊಟ್ಟರು.

ಚಕ್ರ ಪದಕಗಳು ಒಂದು ನಿರ್ದಿಷ್ಟ ಸಾಹಸಕ್ಕೆ. ಶತ್ರುವಿನ ಎದುರೋ ಅಪಾಯದ ಎದುರೋ ತಾನಾಗಿ ನುಗ್ಗಿದ್ದಕ್ಕೆ. ಹಿಮಪಾತ ಪ್ರಕೃತಿಯದ್ದು. ಆ ಎತ್ತರದಲ್ಲಿ ದಿನ ದೂಡುವುದೇ ಧೈರ್ಯ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ ಅದನ್ನು ಅಳೆಯುವ ಪದಕ ಬೇರೆ. ಹೀಗೆ ಹೇಳುವಾಗ ನನಗೂ ಸಮಾಧಾನ ಇಲ್ಲ. ನಿಯಮ ಏನು ಅಂತ ತಿಳಿಸುತ್ತಿದ್ದೇನೆ ಅಷ್ಟೇ.

ಹೊರದೇಶದಲ್ಲಿ ಹೋರಾಡಿದವರಿಗೂ ಸಿಕ್ಕಿದೆಯಾ?

ಸಿಕ್ಕಿದೆ. ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೋಗಿ 1961ರ ಡಿಸೆಂಬರ್ 5ರಂದು ಕಾಂಗೋದಲ್ಲಿ ಮಡಿದರು. ಮೇಜರ್ ರಾಮಸ್ವಾಮಿ ಪರಮೇಶ್ವರನ್ 1987ರ ನವೆಂಬರ್ 25ರಂದು ಶ್ರೀಲಂಕಾದಲ್ಲಿ.

ಮಹಿಳೆಯರಿಗೆ ಕೊಡಬಹುದಾ?

ಕೊಡಬಹುದು. ನಿಯಮದಲ್ಲಿ ಶುರುವಿನಿಂದಲೇ ಹೆಣ್ಣು ಗಂಡು ಭೇದ ಇಲ್ಲ. ಸೈನ್ಯದ ನರ್ಸ್‌ಗಳ ಹೆಸರನ್ನೂ ಅದರಲ್ಲಿ ಸೇರಿಸಿದ್ದಾರೆ. ಇದುವರೆಗೆ ಯಾರಿಗೂ ಬಂದಿಲ್ಲ. ಅಶೋಕ ಚಕ್ರ ಬಂದಿದೆ. ವಿಮಾನ ಅಪಹರಣದಲ್ಲಿ ಪ್ರಯಾಣಿಕರನ್ನು ಕಾಪಾಡಿದ ನೀರಜಾ ಭನೋತ್, 2001ರ ಸಂಸತ್ ದಾಳಿಯಲ್ಲಿ ಮಡಿದ ಸಿಆರ್‌ಪಿಎಫ್ ಕಾನ್‌ಸ್ಟೆಬಲ್ ಕಮಲೇಶ್ ಕುಮಾರಿ, ಇಬ್ಬರೂ ಮರಣೋತ್ತರವಾಗಿ ಪಡೆದವರು.

ಒಬ್ಬರಿಗೇ ಎರಡು ಸಲ ಸಿಗಬಹುದಾ?

ಸಿಗಬಹುದು. ಎರಡನೆಯದಕ್ಕೆ ರಿಬ್ಬನ್ ಮೇಲೆ ಒಂದು ಪಟ್ಟಿ ಸೇರಿಸುತ್ತಾರೆ. ಯಾರಿಗೂ ಸಿಕ್ಕಿಲ್ಲ.

ಪದಕ ನೋಡಲು ಹೇಗಿರುತ್ತದೆ? ಚಿನ್ನದ್ದಾ?

ಚಿನ್ನ ಅಲ್ಲ, ಕಂಚು. ಅಗಲ ಸುಮಾರು ಮೂರೂವರೆ ಸೆಂಟಿಮೀಟರ್. ಅಂಗೈಯಲ್ಲಿ ಮುಚ್ಚಿಹೋಗುವಷ್ಟೇ. ನಡುವೆ ರಾಷ್ಟ್ರಲಾಂಛನ, ಸುತ್ತ ಇಂದ್ರನ ನಾಲ್ಕು ವಜ್ರಾಯುಧ. ಹಿಂದೆ ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಪದಕದ ಹೆಸರು, ನಡುವೆ ಕಮಲದ ಹೂವು. ರಿಬ್ಬನ್ ನೇರಳೆ ಬಣ್ಣದ್ದು.

ಇದನ್ನು ರೂಪಿಸಿದವರು ಸಾವಿತ್ರಿ ಖಾನೋಲ್ಕರ್. ಹುಟ್ಟಿದ್ದು ಸ್ವಿಟ್ಜರ್ಲೆಂಡ್‌ನಲ್ಲಿ, ಮೊದಲ ಹೆಸರು ಈವ್. ಭಾರತೀಯ ಸೇನಾಧಿಕಾರಿ ವಿಕ್ರಮ್ ಖಾನೋಲ್ಕರ್ ಅವರನ್ನು ಮದುವೆಯಾಗಿ ಇಲ್ಲಿಯವರೇ ಆದರು. ಸಂಸ್ಕೃತ ಕಲಿತರು, ಪುರಾಣ ಓದಿದರು. ವಜ್ರಾಯುಧ ಮಾಡಲು ತನ್ನ ಬೆನ್ನೆಲುಬನ್ನೇ ಕೊಟ್ಟ ದಧೀಚಿಯ ಕಥೆ ಅವರಿಗೆ ಹೊಳೆಯಿತು. ಯಕ್ಷಗಾನ, ಹರಿಕಥೆ ಕೇಳಿ ಬೆಳೆದ ನಮಗೆ ಆ ಕಥೆ ಬಿಡಿಸಿ ಹೇಳಬೇಕಿಲ್ಲ. ಮೊದಲ ಪದಕ ಪಡೆದ ಸೋಮನಾಥ ಶರ್ಮಾ ಅವರ ತಮ್ಮ ಇದೇ ಸಾವಿತ್ರಿ ಅವರ ಅಳಿಯ.

ಜೊತೆಗೆ ಹಣ ಎಷ್ಟು ಸಿಗುತ್ತದೆ?

ಕೇಂದ್ರ ಸರ್ಕಾರ 2017ರಲ್ಲಿ ಮಾಸಿಕ ಭತ್ಯೆಯನ್ನು ಎರಡು ಪಟ್ಟು ಮಾಡಿತು. ಪರಮವೀರ ಚಕ್ರಕ್ಕೆ 10,000 ಇದ್ದದ್ದು 20,000 ರೂಪಾಯಿ ಆಯಿತು. ಅಶೋಕ ಚಕ್ರಕ್ಕೆ 12,000, ಮಹಾವೀರ ಚಕ್ರಕ್ಕೆ 10,000. ರಾಜ್ಯ ಸರ್ಕಾರಗಳು ಬೇರೆಯಾಗಿ ಕೊಡುತ್ತವೆ, ಒಂದೊಂದು ರಾಜ್ಯದಲ್ಲಿ ಒಂದೊಂದು ಮೊತ್ತ. ನಮ್ಮಲ್ಲಿ ಎಷ್ಟು ಅಂತ ತಿಳಿಯಲು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಲೆಕ್ಕ ನಂಬಬೇಡಿ.

ಇವರ ಹೆಸರುಗಳನ್ನು ಎಲ್ಲಿ ನೋಡಬಹುದು?

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಪರಮ ಯೋಧ ಸ್ಥಳ ಅಂತ ಇದೆ. 21 ಜನರ ಎದೆಮಟ್ಟದ ಪ್ರತಿಮೆಗಳು ಅಲ್ಲಿವೆ. 2023ರ ಜನವರಿ 23ರಂದು ಅಂಡಮಾನ್‌ನ 21 ದ್ವೀಪಗಳಿಗೆ ಇವರ ಹೆಸರಿಟ್ಟರು. ಚೆಂಡಿಯಾದ ರಾಣೆಯವರ ಹೆಸರಿನ ದ್ವೀಪವೂ ಅದರಲ್ಲಿದೆ. ಸಿಯಾಚಿನ್‌ನಲ್ಲಿ 21,000 ಅಡಿಗೂ ಎತ್ತರದ ಶತ್ರು ಠಾಣೆಯನ್ನು 1987ರಲ್ಲಿ ಗೆದ್ದ ಬಾನಾ ಸಿಂಗ್ ಅವರ ಹೆಸರನ್ನು ಆ ಠಾಣೆಗೇ ಇಟ್ಟಿದ್ದಾರೆ. ಆದರೆ ಅಲ್ಲಿಗೆ ನಾವು ನೀವು ಹೋಗುವ ಹಾಗಿಲ್ಲ.

ನಮ್ಮ ಊರಲ್ಲೂ ಪದಕ ಪಡೆದ ಮಾಜಿ ಸೈನಿಕರಿದ್ದಾರೆ. ಅವರ ಕಥೆ ಬರೆದಿಡಬೇಕು ಅಂತ ಆಸೆ. ಹೇಗೆ ಕೇಳಲಿ?

ದಯವಿಟ್ಟು ಬೇಗ ಹೋಗಿ. 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ.

ಸೈಟೇಷನ್ ಪ್ರತಿ ಮನೆಯಲ್ಲಿದ್ದರೆ ಮೊದಲು ಅದನ್ನು ಓದಿಕೊಳ್ಳಿ. ಗೋಡೆಯ ಫ್ರೇಮಿನಲ್ಲೋ ಟ್ರಂಕಿನಲ್ಲೋ ಇರುತ್ತದೆ. ‘ಎಷ್ಟು ಜನರನ್ನು ಹೊಡೆದಿರಿ’ ಅಂತ ಮಾತ್ರ ಶುರು ಮಾಡಬೇಡಿ. ಆ ರಾತ್ರಿ ಏನು ಉಂಡಿರಿ, ಬೂಟು ಒದ್ದೆಯಾಗಿತ್ತಾ, ಪಕ್ಕದಲ್ಲಿ ಯಾರಿದ್ದರು ಅಂತ ಕೇಳಿ. ಮಾತು ತಾನಾಗಿ ಬರುತ್ತದೆ. ಜೊತೆಗಿದ್ದವರ ಹೆಸರು, ಜಾಗ, ತಾರೀಕು ಆಗಲೇ ಬರೆದುಕೊಳ್ಳಿ. ಪದಕ ಸಿಗದ ಗೆಳೆಯನ ಬಗ್ಗೆ ಅವರು ಹೇಳತೊಡಗಿದರೆ ನಡುವೆ ಬಾಯಿ ಹಾಕಬೇಡಿ, ಅದನ್ನೂ ಬರೆದುಕೊಳ್ಳಿ. ಸುಸ್ತಾದರೆ ನಿಲ್ಲಿಸಿ. ಇನ್ನೊಂದು ದಿನ ಮತ್ತೆ ಹೋಗಿ.